ಆಪತ್ತಿಗೆ ಬರುವ ಸರ್ಕಾರ, ಮೊದಲೇ ಬಾರದ ಸರ್ಕಾರ

ಪ್ರಶ್ನೆ: ಮಾನ್ಯರೇ, ನಾನು ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ. ಪ್ರಜೆಗಳ ಪ್ರಾಣ ಮತ್ತು ಸೊತ್ತಿನ ರಕ್ಷಣೆ ಸರ್ಕಾರದ ಮೊದಲ ಕರ್ತವ್ಯವೆಂದು ವರ್ಷಗಟ್ಟಲೆ ಮಕ್ಕಳಿಗೆ ಪಾಠ ಹೇಳಿದವಳು. ಆದರೆ ಮಳೆಗಾಲ ಬಂತೆಂದರೆ ನಮ್ಮ ಊರಿನವರು ಸರ್ಕಾರವನ್ನು ನೆಚ್ಚಿ ಕೂರುವುದಿಲ್ಲ, ತಮ್ಮ ಜಾಗ್ರತೆಯಲ್ಲಿ ತಾವಿರುತ್ತಾರೆ. ಅವಘಡವಾದಾಗ ಮಾತ್ರ ಮೊದಲ ಫೋನ್ ಹೋಗುವುದು ಸರ್ಕಾರಿ ಕಚೇರಿಗೇ. ಹಾಗಾದರೆ ನಮ್ಮ ಜನರಿಗೆ ಸರ್ಕಾರ ತಮ್ಮನ್ನು ಕಾಯುತ್ತದೆ ಎಂಬ ನಂಬಿಕೆ ಇದೆಯೇ, ಇಲ್ಲವೇ?
(ಓದುಗರೊಬ್ಬರು, ಕಾಪು)

ಉತ್ತರ: ತಮ್ಮ ಪ್ರಶ್ನೆಯಲ್ಲಿಯೇ ಉತ್ತರದ ಅರ್ಧ ಭಾಗ ಇದೆ. ಆಪತ್ತು ಬಂದ ಮೇಲೆ ಸರ್ಕಾರ ಬಂದೇ ಬರುತ್ತದೆ ಎಂದು ಕರಾವಳಿಯವರು ನಂಬುತ್ತಾರೆ. ಆಪತ್ತು ಬಾರದಂತೆ ಅದು ನೋಡಿಕೊಳ್ಳುತ್ತದೆ ಎಂದು ನಂಬುವುದಿಲ್ಲ. ಇದನ್ನು ಜನರ ಎಡಬಿಡಂಗಿತನ ಎನ್ನಲಾಗದು. ಕಂಡುಂಡ ಅನುಭವದಿಂದ ಅವರು ತಲುಪಿದ ತೀರ್ಮಾನ ಇದು, ಮತ್ತು ನನ್ನ ಮಟ್ಟಿಗೆ ಬಹುಪಾಲು ಸರಿಯಾದ ತೀರ್ಮಾನವೇ. ದೇಶದಲ್ಲಿ ಯಾವ ಸಂಸ್ಥೆಯ ಮೇಲೆ ಎಷ್ಟು ನಂಬಿಕೆ ಎಂದು ಕೇಳುವ ಸಮೀಕ್ಷೆಗಳಲ್ಲಿ ಸೈನ್ಯ ಎಲ್ಲಕ್ಕಿಂತ ಮೇಲೆ, ಪೊಲೀಸರೂ ರಾಜಕೀಯ ಪಕ್ಷಗಳೂ ತೀರ ಕೆಳಗೆ ಇರುತ್ತವೆ. ಸಾಮಾನ್ಯ ಮನುಷ್ಯನ ಬದುಕಿನಲ್ಲಿ ಸೈನ್ಯ ಕಾಣಿಸಿಕೊಳ್ಳುವುದು ಎಲ್ಲ ಕೆಟ್ಟ ಮೇಲೆ, ಪಾರು ಮಾಡುವ ಹೊತ್ತಿನಲ್ಲಿ ಮಾತ್ರ ಎಂಬುದನ್ನು ಇಲ್ಲಿ ನೆನಪಿಡಬೇಕು.

2021ರ ಮೇ ತಿಂಗಳ ತೌಕ್ತೆ ಚಂಡಮಾರುತವನ್ನು ತೆಗೆದುಕೊಳ್ಳೋಣ. ಮೂಲ್ಕಿಯ ಹತ್ತಿರದ ಕಡಲಿನಲ್ಲಿ ಬಂಡೆಗಳಿಗೆ ಸಿಕ್ಕಿಬಿದ್ದ ಟಗ್ (ಹಡಗುಗಳನ್ನು ಎಳೆಯುವ ದೋಣಿ) ಒಂದರಲ್ಲಿದ್ದ 9 ಮಂದಿಯನ್ನು ಕರಾವಳಿ ಕಾವಲು ಪಡೆಯೂ ನೌಕಾಪಡೆಯ ಹೆಲಿಕಾಪ್ಟರೂ ಸೇರಿ ಪಾರುಮಾಡಿದ ದೃಶ್ಯವನ್ನು ಊರೆಲ್ಲ ಕಂಡಿತು. ಅದೇ ಚಂಡಮಾರುತದಲ್ಲಿ ಪಡುಬಿದ್ರಿ ಕಡೆ ಮಗುಚಿದ ಇನ್ನೊಂದು ಟಗ್‌ನಲ್ಲಿ ಜೀವಗಳು ಹೋದವು. ಬಿರುಗಾಳಿಯ ಮುನ್ಸೂಚನೆ ಬಂದು, ಮೀನುಗಾರಿಕೆ ಬೋಟುಗಳೆಲ್ಲ ದಡ ಸೇರಿದ ಮೇಲೂ ಆ ಟಗ್‌ಗಳು ಕಡಲಿನಲ್ಲಿ ಉಳಿದದ್ದೇಕೆ ಎಂಬ ಪ್ರಶ್ನೆಯನ್ನು ಊರಿನವರು ಆಗಲೇ ಕೇಳಿದ್ದರು. ಪಾರುಮಾಡಿದವರ ಚಿತ್ರ ಎಲ್ಲರ ಮೊಬೈಲಿನಲ್ಲಿ ಉಳಿದಿದೆ, ಈ ಪ್ರಶ್ನೆ ಉಳಿದಿರುವುದು ಕೆಲವರ ಮನಸ್ಸಿನಲ್ಲಿ ಮಾತ್ರ.

ಪಾರುಮಾಡಲು ಬರುತ್ತಾರೆ ಎಂಬ ನಂಬಿಕೆಯೂ ಅಲುಗಾಡಿದ ಸಂದರ್ಭ ಇಲ್ಲದಿಲ್ಲ. 2018ರ ಡಿಸೆಂಬರಿನಲ್ಲಿ ಮಲ್ಪೆ ಬಂದರಿನಿಂದ 7 ಮೀನುಗಾರರೊಡನೆ ಹೊರಟ ‘ಸುವರ್ಣ ತ್ರಿಭುಜ’ ಬೋಟು ಸಂಪರ್ಕ ಕಳೆದುಕೊಂಡಿತು. ಹುಡುಕಾಟ ನಿಧಾನವಾಗಿದೆ ಎಂದು ಮೀನುಗಾರರು ಮರು ತಿಂಗಳು ರಾಷ್ಟ್ರೀಯ ಹೆದ್ದಾರಿಗಿಳಿದು ಪ್ರತಿಭಟಿಸಿದರು. ಬೋಟಿನ ಅವಶೇಷವನ್ನು ನೌಕಾಪಡೆಯು ಮಹಾರಾಷ್ಟ್ರದ ಮಾಲ್ವಣ ಸಮೀಪದ ಕಡಲಿನಲ್ಲಿ ಪತ್ತೆಹಚ್ಚಿದಾಗ 2019ರ ಮೇ ಬಂದಿತ್ತು. ಆ ನಾಲ್ಕೂವರೆ ತಿಂಗಳುಗಳಲ್ಲಿ ಮಲ್ಪೆಯ ಬಂದರಿನಲ್ಲಿ ಹುಟ್ಟಿದ ಊಹಾಪೋಹಗಳಿಗೆ ಲೆಕ್ಕವಿಲ್ಲ. ಅಧಿಕೃತ ಮಾತು ತಡವಾದಷ್ಟು ದಿನ ಗಾಳಿಮಾತೇ ಸುದ್ದಿಯಾಗುತ್ತದೆ. ದಡದಲ್ಲಿ ಕಾಯುತ್ತ ಕೂತ ಮನೆಯವರನ್ನು ಅದಕ್ಕಾಗಿ ದೂರುವಂತಿಲ್ಲ.

ಮೊದಲೇ ಕಾಯುವ ಕೆಲಸದ ಕಥೆ ಬೇರೆಯೇ ಇದೆ. ಕಡಲ್ಕೊರೆತವನ್ನು ನೋಡಿ. ಉಳ್ಳಾಲ, ಸೋಮೇಶ್ವರ ಉಚ್ಚಿಲ, ಮರವಂತೆ ಎಂದು ಪ್ರತಿ ಮಳೆಗಾಲ ಅದದೇ ಊರುಗಳ ಹೆಸರು ಪತ್ರಿಕೆಯಲ್ಲಿ ಬರುತ್ತದೆ. ಜೂನ್‌ನಲ್ಲಿ ಅಲೆಗಳು ತೆಂಗಿನ ಬುಡ ಕೊಚ್ಚಿ, ರಸ್ತೆಯ ಅಂಚು ತಿಂದು, ಮನೆಯ ಹಿಂಗೋಡೆಗೆ ಬಡಿಯತೊಡಗಿದ ಮೇಲೆ ಟಿಪ್ಪರ್‌ಗಳು ಕಗ್ಗಲ್ಲು ತಂದು ಸುರಿಯುತ್ತವೆ, ಜನಪ್ರತಿನಿಧಿಗಳು ಕೊಡೆ ಹಿಡಿದು ನಿಂತು ವೀಕ್ಷಿಸುತ್ತಾರೆ, ಅಧಿಕಾರಿಗಳು ಅಂದಾಜುಪಟ್ಟಿ ಕಳುಹಿಸುವುದಾಗಿ ಹೇಳುತ್ತಾರೆ. ಮರುವರ್ಷ ಆ ಕಲ್ಲುಗಳಲ್ಲಿ ಬಹಳಷ್ಟು ಮರಳಿನೊಳಗೆ ಹೂತುಹೋಗಿರುತ್ತವೆ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ ಉಳ್ಳಾಲದಲ್ಲಿ ಕಡಲೊಳಗೆ ದಂಡೆ ಕಟ್ಟುವಂಥ ದೀರ್ಘಕಾಲದ ಕಾಮಗಾರಿಗಳೂ ನಡೆದಿವೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಆದರೆ ಒಂದು ಊರಿನ ದಂಡೆ ಗಟ್ಟಿಯಾದರೆ ಪಕ್ಕದ ಊರಿನ ಮರಳು ಕರಗುತ್ತದೆ ಎಂಬುದು ದಡದಲ್ಲಿ ಬಾಳಿದವರ ಹಳೆಯ ದೂರು, ಮತ್ತು ಕಡಲತೀರದ ಎಂಜಿನಿಯರಿಂಗ್ ಕೂಡ ಈ ದೂರನ್ನು ಅಲ್ಲಗಳೆಯುವುದಿಲ್ಲ.

ಹಳ್ಳ ದಾಟಲು ಹಾಕುವ ಕಾಲುಸಂಕಗಳ ಮಾತು ಇನ್ನೂ ಕಹಿಯಾದದ್ದು. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನಲ್ಲಿ ಶಾಲೆ ಬಿಟ್ಟು ಮನೆಗೆ ಹೋಗುತ್ತಿದ್ದ ಎರಡನೇ ತರಗತಿಯ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ತುಂಬಿದ ಹಳ್ಳದಲ್ಲಿ ಕೊಚ್ಚಿಹೋದಳು. ಹುಡುಕಾಟಕ್ಕೆ ಅಗ್ನಿಶಾಮಕ ದಳ ಬಂತು, ಮುಳುಗುತಜ್ಞರು ಬಂದರು, ಸಂತಾಪ ಹೇಳಲು ದೊಡ್ಡವರೂ ಬಂದರು. ಜಿಲ್ಲೆಯಲ್ಲಿ ಇಂಥ ಸಂಕಗಳು ಎಷ್ಟಿವೆ ಎಂಬ ಚರ್ಚೆ ಬಿರುಸಾದದ್ದು ಅದಾದ ಮೇಲೆ. ಅಡಿಕೆ ಮರದ ಸೀಳುಗಳನ್ನು ಸೇರಿಸಿ ಊರವರೇ ಕಟ್ಟಿಕೊಂಡ ಆ ಸಂಕ ಮಳೆಗೆ ಪಾಚಿ ಹಿಡಿದು ಜಾರುತ್ತದೆ ಎಂದು ತಿಳಿಯಲು ತಜ್ಞರ ಸಮಿತಿ ಬೇಕಿರಲಿಲ್ಲ.

ಹೀಗೇಕೆ ಆಗುತ್ತದೆ ಎಂದು ಹುಡುಕಿದರೆ ಕಾನೂನಿನಲ್ಲಿ ದೋಷ ಸಿಗುವುದಿಲ್ಲ. 2004ರ ಸುನಾಮಿಯ ಬೆನ್ನಿಗೆ ಬಂದ 2005ರ ವಿಪತ್ತು ನಿರ್ವಹಣಾ ಕಾಯ್ದೆಯು ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಪ್ರಾಧಿಕಾರ ಇರಬೇಕೆಂದು ಹೇಳುತ್ತದೆ, ಅಪಾಯ ತಡೆಯುವುದನ್ನೂ ತಗ್ಗಿಸುವುದನ್ನೂ ಅದರ ಕರ್ತವ್ಯಗಳಲ್ಲಿ ಸ್ಪಷ್ಟವಾಗಿ ಸೇರಿಸುತ್ತದೆ. ಹಣದ ದಾರಿಯನ್ನು ಹಿಡಿದು ಹೋದಾಗ ಮಾತ್ರ ಸತ್ಯ ಕಾಣುತ್ತದೆ. ರಾಜ್ಯಗಳ ವಿಪತ್ತು ನಿಧಿ ಬಹುಕಾಲ ಪರಿಹಾರ ಮತ್ತು ತುರ್ತು ದುರಸ್ತಿಗಾಗಿಯೇ ಇದ್ದದ್ದು. ಅಪಾಯ ತಗ್ಗಿಸಲೆಂದೇ ಪ್ರತ್ಯೇಕ ನಿಧಿಗೆ ಹಣ ಮೀಸಲಾದದ್ದು 15ನೇ ಹಣಕಾಸು ಆಯೋಗದ ಶಿಫಾರಸಿನ ನಂತರ, ಅದೂ ಒಟ್ಟು ಮೊತ್ತದ ಶೇ. 20 ಮಾತ್ರ, ಉಳಿದ ಶೇ. 80ರಲ್ಲಿ ಹೆಚ್ಚಿನ ಪಾಲು ಆಪತ್ತು ಬಂದ ಮೇಲಿನ ಖರ್ಚಿಗೆ. ಮೃತರ ಕುಟುಂಬಕ್ಕೆ ಈ ನಿಧಿಯ ನಿಯಮದಂತೆ 4 ಲಕ್ಷ ರೂಪಾಯಿಯ ಚೆಕ್ ಕೊಡುವಾಗ ಚಿತ್ರ ತೆಗೆಯಬಹುದು. ಬೀಳದೆ ಉಳಿದ ಗುಡ್ಡದ ಮುಂದೆ, ಜಾರದೆ ಉಳಿದ ಮಗುವಿನ ಮುಂದೆ ನಿಂತು ಯಾರು ಚಿತ್ರ ತೆಗೆಸಿಕೊಂಡಾರು?

ಒಂದು ವಿಷಯದಲ್ಲಿ ಮಾತ್ರ ಮುನ್ನೆಚ್ಚರಿಕೆಯ ಮೇಲೆ ನಮ್ಮವರಿಗೆ ಪೂರ್ಣ ನಂಬಿಕೆಯಿದೆ, ಅದು ಜಿಲ್ಲಾಧಿಕಾರಿಯ ರಜೆ ಆದೇಶ. ಹವಾಮಾನ ಇಲಾಖೆಯು 24 ಗಂಟೆಯಲ್ಲಿ 204.5 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವ ಸಂಭವವಿದ್ದರೆ ರೆಡ್ ಅಲರ್ಟ್ ಕೊಡುತ್ತದೆ. ಅಂಥ ರಾತ್ರಿ ದಕ್ಷಿಣ ಕನ್ನಡ ಮತ್ತು ಉಡುಪಿಯ ಪ್ರತಿ ಮನೆಯಲ್ಲೂ ಮಕ್ಕಳೂ ತಾಯಂದಿರೂ ಮೊಬೈಲ್ ಹಿಡಿದು ಕೂತಿರುತ್ತಾರೆ. ಕಳೆದ ವರ್ಷದ ಆದೇಶವನ್ನೇ ಯಾರಾದರೂ ಹರಿಬಿಟ್ಟಿದ್ದಾರೆಯೇ ಎಂದು ದಿನಾಂಕ ನೋಡುತ್ತಾರೆ, ಸಹಿ ನೋಡುತ್ತಾರೆ, ಪಿಯು ಕಾಲೇಜಿಗೂ ಅನ್ವಯವೋ ಅಂಗನವಾಡಿಯಿಂದ ಪ್ರೌಢಶಾಲೆಯವರೆಗೆ ಮಾತ್ರವೋ ಎಂದು ಓದುತ್ತಾರೆ. ಮರುದಿನ ಬಿಸಿಲು ಬಂದರೆ ನಗುತ್ತಾರೆ, ಆದರೂ ಮುಂದಿನ ಆದೇಶವನ್ನು ಪಾಲಿಸುತ್ತಾರೆ. ಹೊಣೆ ಹೊತ್ತವರು ಯಾರೆಂದು ಸ್ಪಷ್ಟವಾಗಿ ಗೊತ್ತಿರುವುದು, ಆದೇಶ ಹೊತ್ತಿಗೆ ಸರಿಯಾಗಿ ಕೈಸೇರುವುದು, ಅದು ಎಲ್ಲರಿಗೂ ಸಮನಾಗಿ ಅನ್ವಯಿಸುವುದು, ಈ ಮೂರೂ ಕೂಡಿದ್ದರಿಂದಲೇ ಆ ನಂಬಿಕೆ ನಿಂತಿದೆ ಎಂದು ನನಗನಿಸುತ್ತದೆ.

ಎಲ್ಲರಿಗೂ ಸಮನಾಗಿ ಎಂಬ ಮಾತು ಬಂದದ್ದರಿಂದ ಪೊಲೀಸರ ವಿಷಯವನ್ನು ದಾಟಿಹೋಗುವಂತಿಲ್ಲ. ಕೋಮು ದ್ವೇಷದ ಕೊಲೆಗಳು ನಡೆದ ಪ್ರತಿಸಲ ನಮ್ಮಲ್ಲಿ ಭದ್ರತೆಯ ಪ್ರಶ್ನೆ ಧರ್ಮದ ಪ್ರಶ್ನೆಯಾಗುತ್ತದೆ; ಒಬ್ಬರ ಸಾವಿಗೆ ಇಡೀ ಇಲಾಖೆ ಓಡಿತು, ಇನ್ನೊಬ್ಬರ ಸಾವಿಗೆ ಓಡಲಿಲ್ಲ ಎಂಬ ಲೆಕ್ಕವನ್ನು ಎರಡೂ ಕಡೆಯವರು ಇಟ್ಟುಕೊಂಡಿರುತ್ತಾರೆ. 2019ರ ಡಿಸೆಂಬರ್ 19ರಂದು ಪೌರತ್ವ ತಿದ್ದುಪಡಿ ಕಾಯ್ದೆ ವಿರುದ್ಧದ ಪ್ರತಿಭಟನೆಯ ವೇಳೆ ಮಂಗಳೂರಿನಲ್ಲಿ ಪೊಲೀಸ್ ಗೋಲಿಬಾರಿಗೆ ಇಬ್ಬರು ಬಲಿಯಾದ ಘಟನೆಯನ್ನು ನಗರದ ಒಂದು ಭಾಗ ಒಂದು ರೀತಿ, ಇನ್ನೊಂದು ಭಾಗ ಇನ್ನೊಂದು ರೀತಿ ನೆನಪಿಟ್ಟುಕೊಂಡಿದೆ. 2025ರ ಜೂನ್‌ನಲ್ಲಿ ದಕ್ಷಿಣ ಕನ್ನಡ, ಉಡುಪಿ ಮತ್ತು ಶಿವಮೊಗ್ಗ ಜಿಲ್ಲೆಗಳಿಗೆಂದು ವಿಶೇಷ ಕಾರ್ಯಪಡೆಯೊಂದನ್ನು ರಾಜ್ಯ ಸರ್ಕಾರ ಆರಂಭಿಸಿತು. ಅದು ಗಲಭೆಯ ಸ್ಥಳಕ್ಕೆ ಎಷ್ಟು ಬೇಗ ತಲುಪಿತು ಎಂಬುದರಿಂದ ಅದನ್ನು ಅಳೆದರೆ ಸಾಲದು. ದ್ವೇಷ ಭಾಷಣದ ದೂರು ಬಂದಾಗ, ಮಾಡಿದವನು ಯಾವ ಪಕ್ಷದವನೆಂದು ನೋಡದೆ ಪ್ರಕರಣ ದಾಖಲಾಗಿ ಆರೋಪಪಟ್ಟಿ ಸಲ್ಲಿಕೆಯಾಯಿತೇ ಎಂಬುದರಿಂದ ಅಳೆಯಬೇಕು.

ಪ್ರಶ್ನೆ: ನಮ್ಮ ಮನೆ ಕೈಗಾರಿಕಾ ಪ್ರದೇಶಕ್ಕೆ ತಾಗಿಕೊಂಡಿದೆ. ಅನಿಲ ಸೋರಿದರೆ ಯಾವ ದಿಕ್ಕಿಗೆ ಓಡಬೇಕೆಂದು ಇದುವರೆಗೆ ನಮಗೆ ಯಾರೂ ಹೇಳಿಲ್ಲ. ಕೇಳಿದರೆ, ಎಲ್ಲ ವ್ಯವಸ್ಥೆ ಇದೆ, ಹೆದರಬೇಡಿ ಎನ್ನುತ್ತಾರೆ. ಹೀಗೆ ಕೇಳುವ ಹಕ್ಕು ನಮಗಿದೆಯೇ?
(ಓದುಗರೊಬ್ಬರು, ಬೈಕಂಪಾಡಿ)

ಉತ್ತರ: ಖಂಡಿತ ಇದೆ. ತಾವು ಕೇಳುವುದಕ್ಕೂ ಮೊದಲೇ ತಮಗೆ ಹೇಳಬೇಕಾದ ಹೊಣೆ ಅವರ ಮೇಲಿದೆ. 1984ರ ಭೋಪಾಲ ದುರಂತದಲ್ಲಿ ಸತ್ತವರಲ್ಲಿ ಹೆಚ್ಚಿನವರು ಕಾರ್ಖಾನೆಯ ಸುತ್ತಲಿನ ಬಡಾವಣೆಗಳ ನಿವಾಸಿಗಳು. ಸೋರಿದ್ದು ಏನು, ಅದಕ್ಕೆ ಏನು ಮಾಡಬೇಕು ಎಂಬುದು ಅವರಿಗೆ ಗೊತ್ತಿರಲಿಲ್ಲ. ಆ ಪಾಠದಿಂದಲೇ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದಿನ ನಿಯಮಗಳು ಬಂದವು. ಅವುಗಳ ಪ್ರಕಾರ ಕಾರ್ಖಾನೆಯ ಆವರಣದೊಳಗಿನ ತುರ್ತು ಯೋಜನೆಯನ್ನು ಕಾರ್ಖಾನೆಯವರು, ಆವರಣದ ಹೊರಗಿನ ಯೋಜನೆಯನ್ನು ಜಿಲ್ಲಾಡಳಿತದವರು ಸಿದ್ಧವಾಗಿಟ್ಟಿರಬೇಕು, ಹೊರಗಿನ ಯೋಜನೆಯ ಅಣಕು ಕಾರ್ಯಾಚರಣೆ ವರ್ಷಕ್ಕೊಮ್ಮೆಯಾದರೂ ನಡೆಯಬೇಕು, ಅಪಘಾತದಿಂದ ಬಾಧಿತರಾಗಬಹುದಾದ ನಿವಾಸಿಗಳಿಗೆ ಅಪಾಯದ ಸ್ವರೂಪವನ್ನೂ ಆಗ ಮಾಡಬೇಕಾದದ್ದು, ಮಾಡಬಾರದ್ದನ್ನೂ ಮುಂಚಿತವಾಗಿ ತಿಳಿಸಿರಬೇಕು.

ತೈಲ ಶುದ್ಧೀಕರಣಾಗಾರ, ಬಂದರು, ಅನಿಲ ತುಂಬುವ ಘಟಕ, ನೆಲದಡಿಯಲ್ಲಿ 15 ಲಕ್ಷ ಟನ್ ಕಚ್ಚಾತೈಲದ ಸಂಗ್ರಹ, ಅತ್ತ ಉಡುಪಿ ಜಿಲ್ಲೆಯ ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್ ಇರುವ ಈ ನಾಡಿನಲ್ಲಿ ‘ಹೆದರಬೇಡಿ’ ಎಂಬ ಮಾತು ಮಾಹಿತಿಯಾಗುವುದಿಲ್ಲ. ಇಲ್ಲಿಂದ ಅಡುಗೆ ಅನಿಲ ಹೊತ್ತು ಹೊರಡುವ ಬುಲೆಟ್ ಟ್ಯಾಂಕರುಗಳ ಅಪಾಯವಂತೂ ಬೇಲಿಯೊಳಗೆ ನಿಲ್ಲುವಂಥದ್ದಲ್ಲ. 2013ರ ಏಪ್ರಿಲ್‌ನಲ್ಲಿ ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಅಂಥ ಟ್ಯಾಂಕರ್ ಮಗುಚಿ ಅನಿಲಕ್ಕೆ ಬೆಂಕಿ ಹತ್ತಿದಾಗ ರಸ್ತೆ ಬದಿಯ ಮನೆಗಳವರು ಸುಟ್ಟು ಸತ್ತರು.

ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಜಿಲ್ಲಾಧಿಕಾರಿ ಕಚೇರಿಗೂ ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆಗೂ ಅರ್ಜಿ ಹಾಕಿರಿ. ಯೋಜನೆಯ ಪ್ರತಿ ಕೊಡಿ ಎಂದಷ್ಟೇ ಬರೆದರೆ ಭದ್ರತೆಯ ಕಾರಣ ಹೇಳಿ ತಳ್ಳಿಹಾಕುವುದು ಸುಲಭ. ಅದರ ಬದಲು, ಹಿಂದಿನ ಅಣಕು ಕಾರ್ಯಾಚರಣೆ ಯಾವ ದಿನಾಂಕದಂದು ನಡೆಯಿತು, ನಮ್ಮ ವಾರ್ಡಿನ ನಿವಾಸಿಗಳಿಗೆ ಯಾವ ರೂಪದಲ್ಲಿ ಮಾಹಿತಿ ಕೊಡಲಾಯಿತು, ನಮ್ಮ ವಾರ್ಡಿಗೆ ಗೊತ್ತುಪಡಿಸಿದ ಸುರಕ್ಷಿತ ಸ್ಥಳ ಯಾವುದು ಎಂದು ಬಿಡಿಬಿಡಿಯಾಗಿ ಕೇಳಿರಿ. 30 ದಿನಗಳಲ್ಲಿ ಉತ್ತರ ಬರಬೇಕು. ಬಾರದಿದ್ದರೆ ಮೇಲ್ಮನವಿ ಸಲ್ಲಿಸಬಹುದು, ಮತ್ತು ಉತ್ತರ ಬಾರದಿರುವುದೂ ತಮ್ಮ ಕೈಗೆ ಸಿಕ್ಕ ಒಂದು ದಾಖಲೆಯೇ.

ಪ್ರಶ್ನೆ: ಮಳೆಗೆ ನಮ್ಮ ತೋಟದಲ್ಲಿ ವಿದ್ಯುತ್ ತಂತಿ ತುಂಡಾಗಿ ಬಿದ್ದು ಕರೆಯುವ ದನ ಸತ್ತಿತು. ಗಾಳಿಮಳೆ ದೇವರ ಆಟ, ಇಲಾಖೆ ಏನು ಮಾಡೀತು ಎಂದು ಸಿಬ್ಬಂದಿ ಹೇಳಿದರು. ಹೌದೇ?
(ಓದುಗರೊಬ್ಬರು, ಬಂಟ್ವಾಳ)

ಉತ್ತರ: ಅಲ್ಲ. ತುಂಡಾಗಿ ಬಿದ್ದ ತಂತಿ ತಗಲಿ ಸೈಕಲ್ ಸವಾರನೊಬ್ಬ ಸತ್ತ ಮಧ್ಯಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿಯೇ, ಇಂಥ ಅಪಾಯಕಾರಿ ವಸ್ತುವನ್ನು ಸರಬರಾಜು ಮಾಡುವವರು ತಮ್ಮ ತಪ್ಪಿಲ್ಲದಿದ್ದರೂ ಹಾನಿಗೆ ಹೊಣೆ ಎಂದು ತೀರ್ಪು ಕೊಟ್ಟಿದೆ. ಕರಾವಳಿಯಲ್ಲಿ ಜೂನ್ ತಿಂಗಳ ಗಾಳಿಮಳೆ ಯಾರಿಗೂ ಅನಿರೀಕ್ಷಿತವಲ್ಲ ಎಂಬುದೂ ಅಷ್ಟೇ ನಿಜ. ತಾವು ಪಶುವೈದ್ಯರಿಂದ ಮರಣೋತ್ತರ ಪರೀಕ್ಷೆಯ ಪ್ರಮಾಣಪತ್ರ ಪಡೆದು, ಶಾಖಾ ಕಚೇರಿಗೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ಅವಘಡದ ವರದಿ ವಿದ್ಯುತ್ ಪರಿವೀಕ್ಷಕರಿಗೆ ಹೋಗಿದೆಯೇ ಎಂದು ವಿಚಾರಿಸಿರಿ. ವಿದ್ಯುತ್ ಕಾಯ್ದೆಯಂತೆ ಅದು ಹೋಗಲೇಬೇಕು, ಮತ್ತು ಪರಿಹಾರದ ಅರ್ಜಿಗೆ ಅವರ ವರದಿಯೇ ಮುಖ್ಯ ಆಧಾರ. ತಂತಿ ಜೋತುಬಿದ್ದಿದೆ ಎಂದು ತಾವಾಗಲಿ ನೆರೆಯವರಾಗಲಿ ಈ ಹಿಂದೆ 1912ಕ್ಕೆ ಫೋನ್ ಮಾಡಿದ್ದರೆ ಆ ದೂರಿನ ಸಂಖ್ಯೆಯನ್ನೂ ಅರ್ಜಿಯಲ್ಲಿ ತಪ್ಪದೆ ಬರೆಯಿರಿ.