‘ಬ್ರೇಡೆಡ್’ ಎಂದರೇನು? ಕೂದಲು, ಕೇಬಲ್, ನದಿ ಎಲ್ಲಕ್ಕೂ ಅದೇ ಪದ ಏಕೆ?

ಮೂರು ಅಥವಾ ಹೆಚ್ಚು ಎಳೆಗಳನ್ನು ಓರೆಯಾಗಿ ಒಂದರ ಮೇಲೊಂದು ದಾಟಿಸುತ್ತಾ ಹೆಣೆದದ್ದು ‘ಬ್ರೇಡೆಡ್’. ‘ಜಡೆಯಂತೆ ಹೆಣೆದ’ ಎಂದರೆ ಸರಿಯಾದ ಅರ್ಥ ಬರುತ್ತದೆ. ‘ಹೊಸೆದ’ ಎನ್ನುವವರಿದ್ದಾರೆ, ಅದು ಬೇರೆಯೇ ಕೆಲಸ.

ಹೊಸೆದ ಹಗ್ಗದ ಎಳೆಗಳೆಲ್ಲ ಒಂದೇ ದಿಕ್ಕಿಗೆ ಸುತ್ತಿರುತ್ತವೆ. ತುದಿ ಬಿಟ್ಟರೆ ತಾನಾಗಿ ಬಿಚ್ಚಿಕೊಳ್ಳುತ್ತದೆ, ಭಾರ ತೂಗಿದರೆ ಗಿರ್ರನೆ ತಿರುಗುತ್ತದೆ. ಜಡೆ ಹಾಕುವಾಗ ಬೆರಳುಗಳನ್ನು ಗಮನಿಸಿ: ಬಲಗಡೆಯ ಎಳೆ ನಡುವಿಗೆ ಬರುತ್ತದೆ, ಮರುಕ್ಷಣ ಎಡಗಡೆಯದು ಅದರ ಮೇಲೆ ಹಾಯುತ್ತದೆ. ಎದುರುಬದುರಾಗಿ ಸಾಗುವ ಎಳೆಗಳು ಪರಸ್ಪರ ಹಿಡಿದುಕೊಳ್ಳುವುದರಿಂದ ಹೆಣಿಗೆ ತಿರುಚಿಕೊಳ್ಳುವುದಿಲ್ಲ, ಆದರೂ ಸಲೀಸಾಗಿ ಬಾಗುತ್ತದೆ. ಪರ್ವತಾರೋಹಿಗಳ ಹಗ್ಗದ ಹೊರಕವಚ, ಚಾರ್ಜರ್ ಕೇಬಲ್‌ನ ನೂಲಿನ ಹೊದಿಕೆ, ಶಸ್ತ್ರಚಿಕಿತ್ಸೆಯ ಕೆಲವು ಹೊಲಿಗೆ ದಾರಗಳು ಹೀಗೆ ಹೆಣೆದಿರುವುದು ಇದಕ್ಕಾಗಿಯೇ.

ನದಿಯ ವಿಷಯದಲ್ಲಿ ಇದು ರೂಪಕ, ನನಗೆ ಬಹಳ ಇಷ್ಟವಾದ ರೂಪಕ. ಹೊತ್ತು ತಂದ ಮರಳನ್ನು ಹೊಳೆ ಪಾತ್ರದ ನಡುವೆಯೇ ಕೆಡವಿದಾಗ ದಿಬ್ಬಗಳೇಳುತ್ತವೆ. ನೀರು ಅವುಗಳನ್ನು ಬಳಸಿಕೊಂಡು ಕವಲೊಡೆಯುತ್ತದೆ, ಮುಂದೆ ಕೂಡುತ್ತದೆ, ಮತ್ತೆ ಕವಲಾಗುತ್ತದೆ. ಅಸ್ಸಾಂನ ಬ್ರಹ್ಮಪುತ್ರವನ್ನು ಉಪಗ್ರಹ ಚಿತ್ರದಲ್ಲಿ ನೋಡಿ, ಬಿಚ್ಚಿ ಹರಡಿದ ಜಡೆಯೇ ಕಾಣುತ್ತದೆ.