ಡ್ರೋನ್ ಹಾರಿಸಿ ಕಾಡು, ಹುಲ್ಲುಗಾವಲಿನ ಮಣ್ಣಿನ ತೇವ ಅಳೆಯಬಹುದಾ?

ಅಳೆಯಬಹುದು. ಆದರೆ ಸಾಮಾನ್ಯ ಡ್ರೋನ್ ಕ್ಯಾಮೆರಾ ತೇವವನ್ನು ನೇರವಾಗಿ ನೋಡುವುದಿಲ್ಲ, ಅದರ ಸುಳಿವು ಹಿಡಿಯುತ್ತದೆ ಅಷ್ಟೇ.

ದೊಡ್ಡ ಸುಳಿವು ಎಂದರೆ ಬಿಸಿ. ಒದ್ದೆ ಮಣ್ಣಿನ ನೀರು ಆವಿಯಾಗುವಾಗ ಶಾಖವನ್ನೂ ಕೊಂಡೊಯ್ಯುತ್ತದೆ. ಹಾಗಾಗಿ ಬಿಸಿಲಿನ ಮಧ್ಯಾಹ್ನ ಒದ್ದೆ ಜಾಗ ತಂಪಾಗಿರುತ್ತದೆ, ಥರ್ಮಲ್ ಕ್ಯಾಮೆರಾಗೆ ಅದು ಗೊತ್ತಾಗುತ್ತದೆ. ಆದರೆ ಗಿಡಗಳೂ ತಂಪಾಗಿರುತ್ತವೆ ಅಲ್ವಾ? ಅದಕ್ಕೇ ಬೆಳಕಿನ ಹಲವು ಬಣ್ಣಗಳನ್ನು ಬೇರೆ ಬೇರೆಯಾಗಿ ಹಿಡಿಯುವ ಮಲ್ಟಿಸ್ಪೆಕ್ಟ್ರಲ್ ಕ್ಯಾಮೆರಾದಿಂದ ಹಸಿರು ಎಷ್ಟಿದೆ ಎಂದೂ ಲೆಕ್ಕ ಹಾಕುತ್ತಾರೆ. ಒಂದೇ ಪ್ರಮಾಣದ ಹಸಿರಿರುವ ಜಾಗಗಳಲ್ಲಿ ಯಾವುದು ಜಾಸ್ತಿ ಬಿಸಿಯೋ ಅದು ಒಣಗಿದೆ ಎಂದರ್ಥ.

ಮಣ್ಣಿನ ತೇವ ಅಳೆಯಲು 2015ರಲ್ಲಿ ಹಾರಿದ ನಾಸಾದ ಸ್ಮ್ಯಾಪ್ ಉಪಗ್ರಹದಲ್ಲಿರುವ, ನೆಲ ಹೊಮ್ಮಿಸುವ ಮೈಕ್ರೋವೇವ್ ಅಳೆಯುವ ರೇಡಿಯೋಮೀಟರ್‌ಗೆ ಸುಮಾರು 36 ಕಿಲೋಮೀಟರ್ ಅಗಲದ ಜಾಗ ಒಂದೇ ಚುಕ್ಕೆ. ಡ್ರೋನ್ ಚಿತ್ರದಲ್ಲಿ ಚುಕ್ಕೆ ಕೆಲವೇ ಸೆಂಟಿಮೀಟರ್. ತಗ್ಗಿನ ಜೌಗು, ದಿಣ್ಣೆಯ ಒಣನೆಲ ಬೇರೆ ಬೇರೆಯಾಗಿ ಕಾಣುತ್ತವೆ.

ತೊಡಕು ಇರುವುದು ಆಳದಲ್ಲಿ. ಕ್ಯಾಮೆರಾ ಕಾಣುವುದು ಮಣ್ಣಿನ ಮೇಲ್ಪದರ ಮಾತ್ರ. ಸ್ಮ್ಯಾಪ್ ಬಳಸುವಂಥ ಎಲ್-ಬ್ಯಾಂಡ್ (ಉದ್ದ ಅಲೆಯ ಮೈಕ್ರೋವೇವ್) ರೇಡಿಯೋಮೀಟರ್ ಕೂಡ ಸುಮಾರು 5 ಸೆಂಟಿಮೀಟರ್‌ವರೆಗೆ ತಲುಪುತ್ತದೆ, ಅಷ್ಟೇ. ಬೇರಿನ ಮಟ್ಟದ ತೇವವನ್ನು ಅಂದಾಜು ಮಾಡಲು ಲೆಕ್ಕಾಚಾರದ ಮಾಡೆಲ್ ಬೇಕು. ದಟ್ಟ ಕಾಡಿನಲ್ಲಂತೂ ನೆಲವೇ ಕಾಣುವುದಿಲ್ಲ. ಇಳಿಜಾರು, ಮರದ ನೆರಳು ಕೂಡ ಬಿಸಿಯ ಲೆಕ್ಕ ಕೆಡಿಸುತ್ತವೆ.

ಹಾಗಾಗಿ ನೆಲಕ್ಕೆ ಇಳಿಯದೆ ಆಗುವುದಿಲ್ಲ. ಹಾರಾಟದ ದಿನವೇ ಕೆಲವು ಕಡೆ ಮಣ್ಣು ತೆಗೆದು ತೂಗಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ ಮತ್ತೆ ತೂಗಬೇಕು. ಆ ಅಳತೆಗೆ ಹೊಂದಿಸದ ನಕ್ಷೆ ಸುಮ್ನೆ ಬಣ್ಣದ ಚಿತ್ರ.