ಕೋರ್ಸ್ ಬಿಡುವ ಮುಂಚೆ ನಿಮ್ಮ ತಮ್ಮ ಕಾಲೇಜಿನ ವೀಸಾ ಅಧಿಕಾರಿ (ಡಿಎಸ್‌ಒ) ಜೊತೆ ಮಾತಾಡಲಿ

ಮೈಸೂರಿನಲ್ಲಿ ಬಿಇ ಮುಗಿಸಿ ಅಮೆರಿಕಕ್ಕೆ ಎಂಎಸ್‌ಗೆ ಹೋದ ನಿಮ್ಮ ತಮ್ಮನಿಗೆ ಮಿಡ್‌ಟರ್ಮ್‌ನಲ್ಲಿ ಅಂಕ ಕುಸಿದಿದೆ, ಏನು ಮಾಡೋದು ಅಂತ ಕೇಳಿದ್ದೀರಿ. ಬಹುಶಃ ಅವನು ಓದುವ ರೀತಿಯೇ ಕಾರಣ. ಇಲ್ಲಿ ಸೆಮಿಸ್ಟರ್ ಕೊನೆಗೆ ರಾತ್ರಿಯೆಲ್ಲ ಕೂತು ಓದಿದರೆ ನಡೀತಿತ್ತು, ಅಲ್ವಾ? ಅಲ್ಲಿ ಹೋಮ್‌ವರ್ಕ್, ಕ್ವಿಜ್, ಪ್ರಾಜೆಕ್ಟ್‌ಗಳಿಗೂ ಅಂಕ. ನನ್ನ ಮಗಳಿಗೂ ಇದೇ ಆಗಿತ್ತು. ಊಟ, ನಿದ್ದೆಯ ತೊಂದರೆಯೂ ಇರಬಹುದು, ಅದನ್ನು ನೀವೇ ಕೇಳಿ ನೋಡಬೇಕು.

ಒಂದು ಕೋರ್ಸ್ ಬಿಡ್ತೀನಿ ಅಂತಿದ್ದಾನೆ ಅಂದ್ರಲ್ಲ, ಮೊದಲು ಅದನ್ನು ತಡೆಯಿರಿ. ಎಫ್-1 (ವಿದ್ಯಾರ್ಥಿ) ವೀಸಾದವರು ಪೂರ್ತಿ ಕ್ರೆಡಿಟ್ ತೆಗೆದುಕೊಂಡಿರಬೇಕು. ಎಂಎಸ್‌ಗೆ ಎಷ್ಟು ಅನ್ನೋದನ್ನು ಕಾಲೇಜೇ ನಿಗದಿ ಮಾಡುತ್ತದೆ, ಸಾಮಾನ್ಯವಾಗಿ ಸೆಮಿಸ್ಟರ್‌ಗೆ 9. ಇಂಟರ್‌ನ್ಯಾಷನಲ್ ಆಫೀಸಿನ ಡಿಎಸ್‌ಒ ಮುಂಚೆಯೇ ಒಪ್ಪದೆ ಅದಕ್ಕಿಂತ ಕೆಳಗಿಳಿದರೆ ವೀಸಾ ಸ್ಟೇಟಸ್‌ಗೇ ಕುತ್ತು. ಅಲ್ಲಿನ ಪಾಠದ ರೀತಿಗೆ ಹೊಂದಿಕೊಳ್ಳಲು ಆರಂಭದಲ್ಲಿ ಕಷ್ಟ ಅಂದರೆ ಕ್ರೆಡಿಟ್ ಕಡಿಮೆ ಮಾಡಲು ಅವರು ಅನುಮತಿ ಕೊಡಬಹುದು. ಆಗಲೂ ಒಂದು ಕನಿಷ್ಠ ಮಿತಿಗಿಂತ ಕೆಳಗಿಳಿಯುವಂತಿಲ್ಲ, ಅದು ಎಷ್ಟು ಅಂತ ಅವರನ್ನೇ ಕೇಳಲಿ.

ಈ ವಾರವೇ ಸಿಲಬಸ್ (ಯಾವುದಕ್ಕೆ ಎಷ್ಟು ಅಂಕ ಅಂತ ಅದರಲ್ಲಿರುತ್ತದೆ) ತೆಗೆದು, ಇನ್ನೆಷ್ಟು ಅಂಕ ಬಾಕಿ ಇದೆ ಅಂತ ಲೆಕ್ಕ ಹಾಕಲಿ. ಆಮೇಲೆ ಪ್ರೊಫೆಸರ್ ಆಫೀಸ್ ಅವರ್ಸ್‌ಗೆ ಹೋಗಲಿ. ನಮ್ಮ ಹುಡುಗರು ಹಿಂಜರಿಯೋದು ಇಲ್ಲೇ, ಮೇಷ್ಟ್ರು ಬೈತಾರೆ ಅಂತ. ಆ ಸಮಯ ಇಟ್ಟಿರೋದೇ ವಿದ್ಯಾರ್ಥಿಗಳಿಗಾಗಿ. ಸುಮ್ನೆ 'ಅರ್ಥ ಆಗ್ಲಿಲ್ಲ' ಅನ್ನೋದು ಬೇಡ. ಉತ್ತರಪತ್ರಿಕೆ ಹಿಡಿದು, ಯಾವ ಪ್ರಶ್ನೆಯಲ್ಲಿ ಎಲ್ಲಿ ತಪ್ಪಿದೆ ಅಂತ ಕೇಳಲಿ. ಆಗಲೂ ಪಾಸಾಗೋದು ಅನುಮಾನ ಅನ್ನಿಸಿದರೆ ಕೋರ್ಸ್ ಬಿಡಲು ಕೊನೆ ದಿನ ಯಾವುದು ನೋಡಿ, ಅದಕ್ಕೆ ಮುಂಚೆ ಡಿಎಸ್‌ಒಗೆ ಮೇಲ್ ಹಾಕಲಿ. ಉತ್ತರ ಬರುವ ತನಕ ಪೋರ್ಟಲ್‌ನಲ್ಲಿ ಡ್ರಾಪ್ ಬಟನ್ ಮುಟ್ಟದಿರಲಿ.